ಮಹಾಸೋಂಕಿನ ಹೊತ್ತಿನಲ್ಲಿ ಪಾರ್ಶ್ವವಾಯು: ತುರ್ತು ಚಿಕಿತ್ಸೆಗೆ ಹಂತ ಹಂತದ ಮಾರ್ಗದರ್ಶಿ

2020ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವೈದ್ಯರ ತಂಡವೊಂದು ಐವರು ರೋಗಿಗಳ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ಐವರಿಗೂ ಐವತ್ತು ತುಂಬಿರಲಿಲ್ಲ. ಎಲ್ಲರಿಗೂ ಕೋವಿಡ್ ಸೋಂಕು ತಗುಲಿತ್ತು, ಎಲ್ಲರಲ್ಲೂ ಮಿದುಳಿಗೆ ಹೋಗುವ ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡಿತ್ತು. ಅವರಲ್ಲಿ 33 ವರ್ಷದ ಮಹಿಳೆಯೊಬ್ಬರು ಮೈಯ ಎಡಭಾಗದ ಬಲ ಕುಂದಿ, ಮಾತು ತೊದಲತೊಡಗಿದ ಮೇಲೂ ಒಂದು ದಿನಕ್ಕಿಂತ ಹೆಚ್ಚು ಕಾಲ ಮನೆಯಲ್ಲೇ ಉಳಿದಿದ್ದರು. ಆಸ್ಪತ್ರೆಗೆ ಹೋದರೆ ಸೋಂಕು ಅಂಟೀತು ಎಂಬ ಭಯ. ಆ ಸೋಂಕು ಆಗಲೇ ಅವರೊಳಗಿತ್ತು.

ಆ ವರ್ಷ ಅನೇಕ ದೇಶಗಳಲ್ಲಿ ಪಾರ್ಶ್ವವಾಯುವಿಗೆಂದು ಆಸ್ಪತ್ರೆ ಸೇರುವವರ ಸಂಖ್ಯೆ ಇಳಿಯಿತು. ಕಾಯಿಲೆ ಇಳಿದಿತ್ತೆಂದು ನಂಬಲು ಕಾರಣವೇ ಇರಲಿಲ್ಲ. ಬಾಗಿಲು ತಟ್ಟುವವರು ಕಡಿಮೆಯಾಗಿದ್ದರು, ಅದರಲ್ಲೂ ಲಕ್ಷಣ ಲಘುವಾಗಿದ್ದವರು. ಈ ಮಾರ್ಗದರ್ಶಿಯ ಮೊದಲ ಭಾಗ ಮನೆಯವರಿಗೆ, ನಂತರದ್ದು ಆಂಬುಲೆನ್ಸ್ ಮತ್ತು ತುರ್ತು ವಿಭಾಗದಲ್ಲಿ ಕೆಲಸ ಮಾಡುವವರಿಗೆ. ಇಬ್ಬರಿಗೂ ಹೇಳಬೇಕಾದದ್ದು ಒಂದೇ: ಮಹಾಸೋಂಕು ಪ್ರತಿ ಹಂತವನ್ನು ಮಾಡುವ ರೀತಿಯನ್ನು ಬದಲಿಸುತ್ತದೆ, ಹಂತಗಳ ಕ್ರಮವನ್ನಾಗಲಿ ಗಡಿಯಾರವನ್ನಾಗಲಿ ಬದಲಿಸುವುದಿಲ್ಲ.

ಮೊದಲು ಗಡಿಯಾರದ ಲೆಕ್ಕ

ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ಹೆಚ್ಚಿನವು ರಕ್ತನಾಳ ಮುಚ್ಚಿಕೊಂಡು ಆಗುವಂಥವು. ಉಳಿದವು ರಕ್ತನಾಳ ಒಡೆದು ಆಗುವಂಥವು. ಹೊರಗಿನಿಂದ ನೋಡಿ ಇವೆರಡನ್ನು ಬೇರ್ಪಡಿಸಲು ಎಷ್ಟೇ ಅನುಭವಿ ವೈದ್ಯರಿಗೂ ಆಗದು. ಮೊದಲನೆಯದಕ್ಕೆ ರಕ್ತದ ಹೆಪ್ಪು ಕರಗಿಸುವ ಔಷಧ ಬೇಕು, ಎರಡನೆಯದರಲ್ಲಿ ಅದೇ ಔಷಧ ಜೀವ ತೆಗೆಯಬಹುದು. ಸ್ಕ್ಯಾನ್ ಆಗದೆ ಯಾವ ಚಿಕಿತ್ಸೆಯೂ ಶುರುವಾಗುವುದಿಲ್ಲ ಎಂಬುದರ ಹಿಂದಿನ ಕಾರಣ ಇದು.

ದೊಡ್ಡ ರಕ್ತನಾಳ ಮುಚ್ಚಿಕೊಂಡಾಗ ಚಿಕಿತ್ಸೆಯಿಲ್ಲದ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅಂದಾಜು. ಹೆಪ್ಪು ಕರಗಿಸುವ ಔಷಧವನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ಥ್ರಾಂಬೆಕ್ಟಮಿಗೆ ಸಾಮಾನ್ಯವಾಗಿ ಆರು ಗಂಟೆ. 2018ರ ಅಧ್ಯಯನಗಳ ನಂತರ, ಮಿದುಳಿನ ಚಿತ್ರಗಳಲ್ಲಿ ಇನ್ನೂ ಉಳಿಸಬಹುದಾದ ಭಾಗ ಕಂಡರೆ, ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಇದು ಸಾಧ್ಯವಾಗಿದೆ. ಹಾಗೆಂದು ನಾಲ್ಕನೇ ಗಂಟೆಗೆ ಬಂದರೂ ಸಾಕು ಎಂದಲ್ಲ. ಮೊದಲ ಗಂಟೆಯಲ್ಲಿ ಸಿಗುವ ಲಾಭ ನಾಲ್ಕನೇ ಗಂಟೆಯಲ್ಲಿ ಬಹಳಷ್ಟು ಕರಗಿರುತ್ತದೆ.

ಹಂತ 1: ಮಾಸ್ಕ್ ತೆಗೆಸಿ ಮುಖ ನೋಡಿ

ಸಾಂಕ್ರಾಮಿಕದ ಕಾಲದಲ್ಲಿ ಪಾರ್ಶ್ವವಾಯುವಿನ ಮೊದಲ ಚಿಹ್ನೆಯೇ ಮರೆಯಾಗುತ್ತದೆ. ಬಾಯಿಯ ಒಂದು ಮೂಲೆ ಜೋತುಬಿದ್ದಿದ್ದರೆ ಮಾಸ್ಕಿನಡಿ ಯಾರಿಗೂ ಕಾಣದು; ಮಾತು ತೊದಲಿದರೆ ‘ಮಾಸ್ಕಿನಿಂದಾಗಿ ಹಾಗೆ ಕೇಳಿಸುತ್ತಿದೆ’ ಎಂದುಕೊಳ್ಳುತ್ತೇವೆ. ಪ್ರತ್ಯೇಕ ಕೋಣೆಯಲ್ಲಿ ಒಬ್ಬರೇ ಇರುವ ಸೋಂಕಿತರ ವಿಷಯದಲ್ಲಿ ಇದು ಇನ್ನೂ ಕಷ್ಟ. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಬರುವ ಮನೆಯಲ್ಲಿ, ಅವರು ಬೆಳಗ್ಗೆಯಿಂದ ಎದ್ದಿಲ್ಲವೆಂದು ಸಂಜೆ ಗೊತ್ತಾಗಬಹುದು.

ಅನುಮಾನ ಬಂದ ಕೂಡಲೇ ನೀವು ಮಾಸ್ಕ್ ಧರಿಸಿ, ಕೆಲವು ಅಡಿ ದೂರದಲ್ಲಿ ನಿಂತು, ಅವರ ಮಾಸ್ಕನ್ನು ಒಂದು ನಿಮಿಷದ ಮಟ್ಟಿಗೆ ಕೆಳಗಿಳಿಸಲು ಹೇಳಿ. ನಗಲು ಹೇಳಿ, ಎರಡು ಕಡೆಯೂ ಸಮನಾಗಿ ಏಳುತ್ತದೆಯೇ ನೋಡಿ. ಕಣ್ಣು ಮುಚ್ಚಿ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಹತ್ತು ಎಣಿಸುವವರೆಗೆ ಹಾಗೆಯೇ ಹಿಡಿಯಲು ಹೇಳಿ. ಒಂದು ಕೈ ತಾನಾಗಿ ಇಳಿಯುತ್ತದೆಯೇ? ಒಂದು ಸರಳ ವಾಕ್ಯವನ್ನು ಪುನರುಚ್ಚರಿಸಲು ಹೇಳಿ. ಇದ್ದಕ್ಕಿದ್ದಂತೆ ಸಮತೋಲನ ತಪ್ಪುವುದು, ಒಂದು ಕಣ್ಣಿನ ಅಥವಾ ಒಂದು ಪಕ್ಕದ ದೃಷ್ಟಿ ಹೋಗುವುದು, ವಸ್ತುಗಳು ಎರಡೆರಡಾಗಿ ಕಾಣುವುದು ಕೂಡ ಅಷ್ಟೇ ಗಂಭೀರ. ಎದುರಿಗೆ ಹೋಗಲಾಗದಿದ್ದರೆ ವಿಡಿಯೊ ಕರೆಯಲ್ಲೂ ಈ ಪರೀಕ್ಷೆ ಮಾಡಬಹುದು. ಒಬ್ಬರೇ ಇರುವ ಸೋಂಕಿತರಿಗೆ ದಿನಕ್ಕೆ ಎರಡು ಮೂರು ಬಾರಿ ವಿಡಿಯೊ ಕರೆ ಮಾಡುವ ಅಭ್ಯಾಸ ಇಟ್ಟುಕೊಳ್ಳುವುದು ಆಕ್ಸಿಮೀಟರಿನಷ್ಟೇ ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಜ್ವರದ ಸುಸ್ತು ಇಡೀ ಮೈಯನ್ನು ಹಿಡಿಯುತ್ತದೆ. ಪಾರ್ಶ್ವವಾಯು ಒಂದು ಪಕ್ಕವನ್ನು ಹಿಡಿಯುತ್ತದೆ, ಅದೂ ಇದ್ದಕ್ಕಿದ್ದಂತೆ. ಸೋಂಕಿತರ ವಿಷಯದಲ್ಲಿ ಎಲ್ಲವನ್ನೂ ಸೋಂಕಿನ ತಲೆಗೆ ಕಟ್ಟುವ ಮುನ್ನ ಈ ವ್ಯತ್ಯಾಸ ನೆನಪಿರಲಿ. ಸೋಂಕು ರಕ್ತನಾಳಗಳ ಒಳಪದರಕ್ಕೆ ಉರಿಯೂತ ತಂದು, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಹೆಚ್ಚಿಸುವುದರಿಂದ ಕೋವಿಡ್ ರೋಗಿಗಳಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚೇ ಇರುತ್ತದೆ. ವಯಸ್ಸು ಚಿಕ್ಕದೆಂಬ ಸಮಾಧಾನವೂ ಬೇಡ.

ಇನ್ನೊಂದು ಬಲೆ: ಕೈ ಸೋತು, ಹತ್ತು ನಿಮಿಷದಲ್ಲಿ ಮತ್ತೆ ಸರಿಹೋಯಿತು, ಇನ್ನೇಕೆ ಆಸ್ಪತ್ರೆ ಎಂಬ ಯೋಚನೆ. ಇಂಥ ತಾತ್ಕಾಲಿಕ ದಾಳಿಯ ನಂತರ ಪೂರ್ಣ ಪ್ರಮಾಣದ ಪಾರ್ಶ್ವವಾಯು ಬಡಿಯುವ ಅಪಾಯ ಮೊದಲ 48 ಗಂಟೆಗಳಲ್ಲೇ ಅತಿ ಹೆಚ್ಚು. ಸರಿಹೋದವರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಂತ 2: ಸಮಯ ಬರೆದಿಡಿ, ಕರೆ ಮಾಡಿ

ತುರ್ತು ಸೇವೆಗೆ ಕರೆ ಮಾಡುವಾಗ ‘ಪಾರ್ಶ್ವವಾಯು’ ಅಥವಾ ‘ಸ್ಟ್ರೋಕ್’ ಎಂಬ ಪದವನ್ನು ಮೊದಲ ವಾಕ್ಯದಲ್ಲೇ ಹೇಳಿ. ‘ಅವರಿಗೆ ಹುಷಾರಿಲ್ಲ, ಜ್ವರವೂ ಇದೆ’ ಎಂದು ಶುರುಮಾಡಿದರೆ ಕರೆ ಸಾಂಕ್ರಾಮಿಕದ ಸಾಲಿನಲ್ಲಿ ಸೇರಿಬಿಡುವ ಅಪಾಯವಿದೆ. ಎರಡನೇ ವಾಕ್ಯದಲ್ಲಿ ಸೋಂಕಿನ ವಿಷಯ: ಜ್ವರ, ಕೆಮ್ಮು, ಉಸಿರಾಟದ ತೊಂದರೆ, ಇತ್ತೀಚಿನ ಪರೀಕ್ಷೆಯ ಫಲಿತಾಂಶ, ಮನೆಯಲ್ಲಿ ಬೇರೆ ಯಾರಿಗಾದರೂ ಸೋಂಕಿದೆಯೇ ಎಂಬುದು. ತಿರಸ್ಕರಿಸಿಯಾರೆಂದು ಇದನ್ನು ಮುಚ್ಚಿಡಬೇಡಿ. ಮುಂಚೆ ಹೇಳಿದರೆ ಸಿಬ್ಬಂದಿ ರಕ್ಷಣಾ ಉಡುಪು ತೊಟ್ಟೇ ಬರುತ್ತಾರೆ. ಬಂದ ಮೇಲೆ ಗೊತ್ತಾದರೆ ಅದನ್ನು ತೊಡಲು ತಗಲುವ ನಿಮಿಷಗಳು ರೋಗಿಯ ಖಾತೆಯಿಂದಲೇ ಹೋಗುತ್ತವೆ.

ವೈದ್ಯರಿಗೆ ಬೇಕಾದ ಸಮಯ ‘ನಾವು ನೋಡಿದ್ದು ಯಾವಾಗ’ ಎಂಬುದಲ್ಲ, ‘ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಯಾವಾಗ’ ಎಂಬುದು. ರಾತ್ರಿ ಹತ್ತಕ್ಕೆ ಮಾತನಾಡಿ ಮಲಗಿದವರು ಬೆಳಗ್ಗೆ ಆರಕ್ಕೆ ಕೈ ಆಡದೆ ಎದ್ದರೆ ಲೆಕ್ಕ ರಾತ್ರಿ ಹತ್ತರಿಂದ. ಒಬ್ಬರೇ ಇದ್ದವರ ವಿಷಯದಲ್ಲಿ ಅವರ ಮೊಬೈಲ್ ಸಾಕ್ಷಿ ಹೇಳುತ್ತದೆ: ಕೊನೆಯ ಕರೆ, ಕೊನೆಯ ಸಂದೇಶ ಯಾವಾಗಿನದು ನೋಡಿ.

ಈಗ ಒಂದು ಹಾಳೆ ತೆಗೆದುಕೊಳ್ಳಿ. ಮಹಾಸೋಂಕಿನ ಕಾಲದಲ್ಲಿ ಈ ಹಾಳೆಯ ಬೆಲೆ ಬೇರೆಯೇ, ಏಕೆಂದರೆ ನಿಮ್ಮನ್ನು ಆಸ್ಪತ್ರೆಯ ಒಳಗೆ ಬಿಡದಿರಬಹುದು ಮತ್ತು ರೋಗಿಗೆ ಮಾತು ಬಾರದಿರಬಹುದು. ಅದರಲ್ಲಿ ಹೆಸರು, ವಯಸ್ಸು, ಅಂದಾಜು ತೂಕ, ಕೊನೆಯ ಬಾರಿ ಸರಿಯಾಗಿದ್ದ ಸಮಯ, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಅಲರ್ಜಿ, ಇತ್ತೀಚಿನ ಶಸ್ತ್ರಚಿಕಿತ್ಸೆ ಅಥವಾ ರಕ್ತಸ್ರಾವ, ಮುಂಚಿನ ಪಾರ್ಶ್ವವಾಯು ಇವಿಷ್ಟಿರಲಿ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಚುಚ್ಚುಮದ್ದು ಇದ್ದರೆ ಕೊನೆಯ ಡೋಸು ಯಾವಾಗ ಎಂಬುದು ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತದೆ. ಕೋವಿಡ್‌ಗೆಂದು ಹೆಪಾರಿನ್ ಬಗೆಯ ಚುಚ್ಚುಮದ್ದು ತೆಗೆದುಕೊಂಡವರ ಮನೆಯವರು ಇದನ್ನು ತಪ್ಪದೆ ಬರೆಯಬೇಕು. ಕೊನೆಯಲ್ಲಿ, ರೋಗಿಯ ಪರವಾಗಿ ಒಪ್ಪಿಗೆ ಕೊಡಬಲ್ಲವರ ಫೋನ್ ಸಂಖ್ಯೆ. ಹಾಳೆಯ ಫೋಟೊ ತೆಗೆದಿಟ್ಟುಕೊಂಡು, ಮೂಲವನ್ನು ರೋಗಿಯ ಜೇಬಿಗೆ ಸೇರಿಸಿ. ಆಮೇಲೆ ಆ ಫೋನನ್ನು ಕೈಯಿಂದ ಬಿಡಬೇಡಿ. ವೈದ್ಯರು ಒಪ್ಪಿಗೆ ಕೇಳಲು ಕರೆ ಮಾಡಿದಾಗ ಅದು ಬ್ಯಾಟರಿ ಮುಗಿದು ಮಲಗಿರಬಾರದು.

ಹಂತ 3: ಆಂಬುಲೆನ್ಸ್ ಬರುವವರೆಗೆ

ಇಲ್ಲಿ ಮಾಡಬೇಕಾದದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ನೀರು, ಆಹಾರ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಕೆಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಸೋಂಕಿನಿಂದ ಮೊದಲೇ ಬಳಲಿದ ಶ್ವಾಸಕೋಶಕ್ಕೆ ಅದು ದುಬಾರಿ. ಆಸ್ಪಿರಿನ್ ಕೊಡಬೇಡಿ, ಹೃದಯಾಘಾತದಲ್ಲಿ ಅದು ನೆರವಾಗಬಹುದು, ಮಿದುಳಿನ ರಕ್ತಸ್ರಾವದಲ್ಲಿ ಹಾನಿ ಮಾಡುತ್ತದೆ. ರಕ್ತದೊತ್ತಡ ಹೆಚ್ಚಿದೆಯೆಂದು ಮನೆಯಲ್ಲಿರುವ ಮಾತ್ರೆಯಿಂದ ಇಳಿಸಲು ಹೋಗಬೇಡಿ. ಬೆರಳ ತುದಿಗೆ ಸೂಜಿ ಚುಚ್ಚಿ ರಕ್ತ ಹರಿಸಿದರೆ ಗುಣವಾಗುತ್ತದೆ ಎಂದು ಮೊಬೈಲಿನಿಂದ ಮೊಬೈಲಿಗೆ ಹಾರುವ ಸಂದೇಶ ಶುದ್ಧ ಸುಳ್ಳು.

ವಾಂತಿ ಅಥವಾ ಅರೆಪ್ರಜ್ಞೆ ಇದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಅಂಥವರಿಗೆ ಮಾಸ್ಕ್ ಹಾಕಬೇಡಿ. ಎಚ್ಚರವಿದ್ದು ಸರಾಗವಾಗಿ ಉಸಿರಾಡುತ್ತಿದ್ದರೆ ಪರೀಕ್ಷೆ ಮುಗಿದ ಮೇಲೆ ಮಾಸ್ಕ್ ಮತ್ತೆ ಹಾಕಿಸಿ. ಕಿಟಕಿಗಳನ್ನು ತೆರೆಯಿರಿ.

ಹಂತ 4: ಆಂಬುಲೆನ್ಸಿನಲ್ಲಿ

ರೋಗಿಯ ಬಳಿ ಹೋಗುವವರು ಆದಷ್ಟು ಕಡಿಮೆ ಇರಲಿ. ರೋಗಿಗೆ ಶಸ್ತ್ರಚಿಕಿತ್ಸಾ ಮಾಸ್ಕ್, ಸಿಬ್ಬಂದಿಗೆ ಎನ್95, ಕಣ್ಣಿನ ರಕ್ಷಣೆ, ಗೌನು, ಕೈಗವಸು. ಗಾಳಿ ಒಳಗೇ ಸುತ್ತದೆ ಹೊರಹೋಗುವಂತೆ ಫ್ಯಾನ್ ಇಡಬೇಕು. ರಕ್ತದ ಸಕ್ಕರೆ ಇಲ್ಲೇ ನೋಡಬೇಕು. ಪ್ರತಿ ಡೆಸಿಲೀಟರಿಗೆ 60 ಮಿಲಿಗ್ರಾಂಗಿಂತ ಕೆಳಗಿಳಿದ ಸಕ್ಕರೆ ಪಾರ್ಶ್ವವಾಯುವಿನ ವೇಷದಲ್ಲೇ ಬರುತ್ತದೆ, ಮತ್ತು ಅದನ್ನು ಕೂಡಲೇ ಸರಿಪಡಿಸಬೇಕು. ಆಮ್ಲಜನಕದ ಮಟ್ಟ ಶೇಕಡ 94ಕ್ಕಿಂತ ಕಡಿಮೆಯಾದರೆ ಮಾತ್ರ ಆಮ್ಲಜನಕ.

ಎಲ್ಲಕ್ಕಿಂತ ಮುಖ್ಯ ಕೆಲಸ ಒಂದು ಫೋನ್ ಕರೆ. ಹೊರಟ ಕೂಡಲೇ ಆಸ್ಪತ್ರೆಗೆ ತಿಳಿಸಿ: ಪಾರ್ಶ್ವವಾಯು ಶಂಕಿತ, ಕೊನೆಯ ಬಾರಿ ಸರಿಯಾಗಿದ್ದ ಸಮಯ ಇಂತಿಷ್ಟು, ಸೋಂಕಿನ ಸ್ಥಿತಿ ಹೀಗಿದೆ, ತಲುಪಲು ಇಷ್ಟು ನಿಮಿಷ ಬೇಕು. ಸಾಮಾನ್ಯ ದಿನಗಳಲ್ಲಿ ಇದು ಒಳ್ಳೆಯ ಪದ್ಧತಿ. ಮಹಾಸೋಂಕಿನಲ್ಲಿ ಇದಿಲ್ಲದೆ ಸಿಟಿ ಕೋಣೆ ಸಿದ್ಧವಾಗುವುದಿಲ್ಲ. ಆಸ್ಪತ್ರೆಯ ಆಯ್ಕೆಯೂ ಈಗಲೇ ಆಗಬೇಕು. ಮಾಮೂಲಿ ಸ್ಟ್ರೋಕ್ ಕೇಂದ್ರ ಕೋವಿಡ್ ಆಸ್ಪತ್ರೆಯಾಗಿ ಬದಲಾಗಿರಬಹುದು, ಹಾಸಿಗೆ ತುಂಬಿರಬಹುದು. ಹತ್ತಿರದ ಆಸ್ಪತ್ರೆಯಲ್ಲಿ ಸಿಟಿ ಇಲ್ಲವೆಂದರೆ ಅಲ್ಲಿ ಇಳಿಸಿ ಮತ್ತೆ ಹತ್ತಿಸುವುದು ಬರೀ ಕಾಲಹರಣ.

ಹಂತ 5: ತುರ್ತು ವಿಭಾಗದ ಮೊದಲ ನಿಮಿಷಗಳು

ಕೆನಡಾದ ವೈದ್ಯರು 2020ರಲ್ಲಿ ‘ರಕ್ಷಿತ ಕೋಡ್ ಸ್ಟ್ರೋಕ್’ ಎಂಬ ವಿಧಾನವನ್ನು ಮುಂದಿಟ್ಟರು (ಕೋಡ್ ಸ್ಟ್ರೋಕ್ ಎಂದರೆ ಪಾರ್ಶ್ವವಾಯು ತಂಡವನ್ನು ಕೂಡಲೇ ಕರೆಸುವ ಆಸ್ಪತ್ರೆಯ ತುರ್ತು ಕರೆ). ಅದರ ತಿರುಳು ಸರಳ: ಬರುವ ಪ್ರತಿಯೊಬ್ಬರನ್ನೂ ಸೋಂಕಿನ ಪ್ರಶ್ನೆಗಳಿಂದ ಸೋಸಿ, ಉತ್ತರ ಸಿಗದಿದ್ದರೆ, ಅಂದರೆ ರೋಗಿಗೆ ಮಾತು ಹೋಗಿದ್ದರೆ ಅಥವಾ ಜೊತೆಗೆ ಯಾರೂ ಇಲ್ಲದಿದ್ದರೆ, ಸೋಂಕಿತರೆಂದೇ ಭಾವಿಸಿ ಪೂರ್ಣ ರಕ್ಷಣೆಯೊಂದಿಗೆ ಮುಂದುವರಿಯಿರಿ. ತಂಡದಲ್ಲಿ ಒಬ್ಬರು ‘ಸುರಕ್ಷತಾ ನಾಯಕ’ರಾಗಿ ಉಳಿದವರು ರಕ್ಷಣಾ ಉಡುಪು ತೊಡುವುದನ್ನೂ ಕಳಚುವುದನ್ನೂ ನೋಡಿಕೊಳ್ಳಬೇಕು. ಆತುರದಲ್ಲಿ ಕಳಚುವಾಗ ಆಗುವ ಎಡವಟ್ಟಿನಿಂದ ಸಿಬ್ಬಂದಿಗೆ ಸೋಂಕು ತಗಲಬಹುದು, ಹಾಗಾಗಿ ಇದು ಅಲಂಕಾರದ ಹುದ್ದೆಯಲ್ಲ.

ಕೋವಿಡ್ ಪರೀಕ್ಷೆಯ ಮಾದರಿ ತೆಗೆದುಕೊಳ್ಳಿ, ಫಲಿತಾಂಶಕ್ಕೆ ಕಾಯಬೇಡಿ. ಈ ಇಡೀ ಲೇಖನದಲ್ಲಿ ಒಂದೇ ಒಂದು ಸಾಲನ್ನು ಗೋಡೆಗೆ ಅಂಟಿಸಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ. ‘ವರದಿ ಬರಲಿ, ಆಮೇಲೆ ಸ್ಕ್ಯಾನ್’ ಎಂದ ಕಡೆಯಲ್ಲೆಲ್ಲ ನಾಲ್ಕೂವರೆ ಗಂಟೆಯ ಅವಕಾಶ ಪ್ರಯೋಗಾಲಯದ ಸರತಿಯಲ್ಲಿ ಕಳೆದುಹೋಗುತ್ತದೆ.

ಕೋಣೆಯೊಳಗೆ ಒಬ್ಬ ವೈದ್ಯರು, ಒಬ್ಬ ದಾದಿ ಸಾಕು. ನರರೋಗ ತಜ್ಞರು ಗಾಜಿನಾಚೆಯಿಂದ ಅಥವಾ ಟ್ಯಾಬ್ಲೆಟ್ ಮೂಲಕ ಪರೀಕ್ಷೆ ನಡೆಸಬಹುದು; ಪಾರ್ಶ್ವವಾಯುವಿನ ತೀವ್ರತೆಯನ್ನು 0ರಿಂದ 42ರವರೆಗೆ ಅಳೆಯುವ ಎನ್‌ಐಎಚ್‌ಎಸ್‌ಎಸ್ ಅಂಕಪಟ್ಟಿಯನ್ನು ವಿಡಿಯೊ ಮೂಲಕ ವಿಶ್ವಾಸಾರ್ಹವಾಗಿ ತುಂಬಬಹುದು ಎಂಬುದು ಮಹಾಸೋಂಕಿಗೂ ಬಹಳ ಮೊದಲೇ ಸಾಬೀತಾಗಿತ್ತು. ತಜ್ಞರಿಲ್ಲದ ಸಣ್ಣ ಆಸ್ಪತ್ರೆಗಳಿಗೆ ಇದು ವರವೇ ಸರಿ.

ಹಂತ 6: ಸಿಟಿ ಸ್ಕ್ಯಾನ್

ಸಾಧ್ಯವಿದ್ದರೆ ರೋಗಿಯನ್ನು ಆಂಬುಲೆನ್ಸಿನ ಸ್ಟ್ರೆಚರಿನಿಂದಲೇ ನೇರ ಸಿಟಿ ಕೋಣೆಗೆ ಒಯ್ಯಬೇಕು. ಮೊದಲು ರಕ್ತಸ್ರಾವ ಇದೆಯೇ ಎಂದು ತಿಳಿಯಲು ಸಾದಾ ಸ್ಕ್ಯಾನ್, ಅದೇ ಸುತ್ತಿನಲ್ಲಿ ತಲೆ ಮತ್ತು ಕುತ್ತಿಗೆಯ ರಕ್ತನಾಳಗಳ ಆಂಜಿಯೊಗ್ರಾಂ. ಆಂಜಿಯೊಗ್ರಾಂಗೆ ಮೂತ್ರಪಿಂಡದ ವರದಿ ಕಾಯಬೇಕಾಗಿಲ್ಲ. ಕುತ್ತಿಗೆಯ ಚಿತ್ರದಲ್ಲಿ ಶ್ವಾಸಕೋಶದ ಮೇಲ್ತುದಿಯೂ ಸಿಗುತ್ತದೆ, ಅದನ್ನು ನೋಡಲು ಮರೆಯಬೇಡಿ. ಸೋಂಕಿನ ಮೊದಲ ಸುಳಿವು ಅಲ್ಲೇ ಸಿಕ್ಕಿದ ಉದಾಹರಣೆಗಳಿವೆ. ಎದೆಯ ಸಿಟಿ ಬೇಕೆನಿಸಿದರೆ ಅದನ್ನೂ ಇದೇ ಸಲ ಮುಗಿಸಿ, ಆದರೆ ಚಿಕಿತ್ಸೆಗೆ ತಡವಾಗದಂತೆ. ಎಂಆರ್‌ಐಗೆ ಹೆಚ್ಚು ಸಮಯ ಹಿಡಿಯುತ್ತದೆ, ಬಳಿಕದ ಶುಚಿಗೊಳಿಸುವಿಕೆಯೂ ತೊಡಕಿನದು, ಆದ್ದರಿಂದ ನಿದ್ದೆಯಿಂದ ಲಕ್ಷಣದೊಂದಿಗೆ ಎದ್ದವರಂಥ ಆಯ್ದ ಸಂದರ್ಭಗಳಿಗೆ ಅದನ್ನು ಮೀಸಲಿಡುವುದು ಜಾಣತನ.

ರಕ್ತಸ್ರಾವ ಕಂಡರೆ ದಾರಿ ಬೇರೆ: ರಕ್ತದೊತ್ತಡದ ಮೇಲಿನ ಅಂಕಿಯನ್ನು 140ರ ಆಸುಪಾಸಿಗೆ ಇಳಿಸುವುದು, ರಕ್ತ ತೆಳುವಾಗಿಸುವ ಔಷಧದ ಪರಿಣಾಮಕ್ಕೆ ತಡೆ, ನರಶಸ್ತ್ರಚಿಕಿತ್ಸಕರ ಸಲಹೆ.

ಹಂತ 7: ಹೆಪ್ಪು ಕರಗಿಸುವ ಔಷಧ

ರಕ್ತಸ್ರಾವ ಇಲ್ಲ, ನಾಲ್ಕೂವರೆ ಗಂಟೆ ಮೀರಿಲ್ಲ, ನಿಷೇಧದ ಕಾರಣಗಳಿಲ್ಲ ಎಂದಾದರೆ ಸಿಟಿ ಮೇಜಿನ ಮೇಲೆಯೇ ಶುರುಮಾಡಬಹುದು. ಇಂಥ ಔಷಧಗಳಲ್ಲಿ ಒಂದಾದ ಆಲ್ಟಿಪ್ಲೇಸ್‌ನ ಪ್ರಮಾಣ ಪ್ರತಿ ಕಿಲೊ ತೂಕಕ್ಕೆ 0.9 ಮಿಲಿಗ್ರಾಂ, ಗರಿಷ್ಠ 90. ಅದರ ಹತ್ತನೇ ಒಂದು ಭಾಗ ಒಂದು ನಿಮಿಷದಲ್ಲಿ, ಉಳಿದದ್ದು ಒಂದು ಗಂಟೆಯಲ್ಲಿ. ಇನ್ನೊಂದು ಔಷಧ ಟೆನೆಕ್ಟಿಪ್ಲೇಸ್ ಆದರೆ ಕಿಲೊಗೆ 0.25 ಮಿಲಿಗ್ರಾಂ, ಗರಿಷ್ಠ 25, ಒಂದೇ ಚುಚ್ಚುಮದ್ದು. ಪಂಪು ಬೇಡ, ಒಂದು ಗಂಟೆ ಹಾಸಿಗೆಯ ಬಳಿ ನಿಲ್ಲಬೇಕಿಲ್ಲ, ಬೇರೆ ಆಸ್ಪತ್ರೆಗೆ ಸಾಗಿಸುವಾಗ ತಂತಿ ಕೊಳವೆಗಳ ಗೋಜಲಿಲ್ಲ. ಮಹಾಸೋಂಕಿನ ದಿನಗಳಲ್ಲಿ ಹಲವು ಕೇಂದ್ರಗಳು ಇದರತ್ತ ವಾಲಿದ್ದು ಸಹಜವೇ.

ಔಷಧಕ್ಕೆ ಮುನ್ನ ರಕ್ತದೊತ್ತಡ 185/110ಕ್ಕಿಂತ ಕೆಳಗಿರಬೇಕು, ನಂತರದ 24 ಗಂಟೆ 180/105ಕ್ಕಿಂತ ಕೆಳಗೆ. ಕಡ್ಡಾಯವಾಗಿ ಕಾಯಬೇಕಾದ ರಕ್ತಪರೀಕ್ಷೆ ಸಕ್ಕರೆ ಮಾತ್ರ. ತೀವ್ರ ಸೋಂಕಿತರಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಬೇಕು: ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಇಳಿದಿದೆಯೇ? ಕಳೆದ 24 ಗಂಟೆಯಲ್ಲಿ ಚಿಕಿತ್ಸಾ ಪ್ರಮಾಣದ ಹೆಪಾರಿನ್ ಬಗೆಯ ಚುಚ್ಚುಮದ್ದು ಕೊಟ್ಟಿದೆಯೇ? ಕೊಟ್ಟಿದ್ದರೆ ಈ ಔಷಧ ಸಲ್ಲದು. ಮುಂಜಾಗ್ರತೆಗೆ ಕೊಡುವ ಸಣ್ಣ ಪ್ರಮಾಣ ಅಷ್ಟು ದೊಡ್ಡ ಅಡ್ಡಿಯಲ್ಲ. ಕೋವಿಡ್ ಇರುವವರಲ್ಲಿ ಚಿಕಿತ್ಸೆಯ ನಂತರದ ರಕ್ತಸ್ರಾವ ಹೆಚ್ಚೆಂದು ಅಧ್ಯಯನಗಳು ಕಂಡಿವೆ. ಆದರೂ ಸೋಂಕು ಇದೆ ಎಂಬ ಒಂದೇ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನು ಯಾವ ಪುರಾವೆಯೂ ಬೆಂಬಲಿಸುವುದಿಲ್ಲ.

ಆನಂತರ ಎರಡು ಗಂಟೆ ಪ್ರತಿ 15 ನಿಮಿಷಕ್ಕೆ, ಮುಂದಿನ ಆರು ಗಂಟೆ ಅರ್ಧ ಗಂಟೆಗೊಮ್ಮೆ, ಬಳಿಕ 24 ಗಂಟೆ ತುಂಬುವವರೆಗೆ ಗಂಟೆಗೊಮ್ಮೆ ತಪಾಸಣೆ. ಪ್ರತಿ ಸಲವೂ ಉಡುಪು ಬದಲಿಸಲು ಹೊರಟರೆ ಇದು ನಡೆಯುವ ಮಾತಲ್ಲ. ರೋಗಿ ಕಾಣುವಂತೆ ಕ್ಯಾಮೆರಾ ಇಟ್ಟು ‘ಕೈ ಎತ್ತಿ, ಹೆಸರು ಹೇಳಿ’ ಎಂದು ಹೊರಗಿನಿಂದ ಕೇಳುವುದು, ರಕ್ತದೊತ್ತಡದ ಯಂತ್ರ ತಾನಾಗಿ ಅಳೆಯುವಂತೆ ಹೊಂದಿಸುವುದು, ಔಷಧಗಳ ವೇಳೆಯನ್ನು ತಪಾಸಣೆಯ ವೇಳೆಗೆ ಕೂಡಿಸುವುದು ಕೆಲಸಕ್ಕೆ ಬರುತ್ತವೆ. ತಲೆನೋವು, ವಾಂತಿ, ಹೆಚ್ಚಿದ ದುರ್ಬಲತೆ ಅಥವಾ ನಾಲಿಗೆ, ತುಟಿಗಳ ಊತ ಕಂಡರೆ ಔಷಧ ನಿಲ್ಲಿಸಿ ಒಳಗೆ ಹೋಗಲೇಬೇಕು. ತುಟಿಯ ಊತವನ್ನು ಮಾಸ್ಕ್ ಮರೆಮಾಡುತ್ತದೆ ಎಂಬುದನ್ನು ಇಲ್ಲಿ ಮತ್ತೊಮ್ಮೆ ಹೇಳುತ್ತೇನೆ.

ಹಂತ 8: ಥ್ರಾಂಬೆಕ್ಟಮಿ

ದೊಡ್ಡ ರಕ್ತನಾಳ ಮುಚ್ಚಿದ್ದರೆ ಕರಗಿಸುವ ಔಷಧದ ಫಲ ನೋಡಲು ಕಾಯದೆ, ರಕ್ತನಾಳದೊಳಗೆ ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆಯಾದ ಕ್ಯಾಥ್ ಲ್ಯಾಬಿಗೆ ಸಾಗಿಸಬೇಕು. ಮಹಾಸೋಂಕಿನಲ್ಲಿ ಇಲ್ಲಿನ ದೊಡ್ಡ ತೀರ್ಮಾನ ಅರಿವಳಿಕೆಯದು. ಉಸಿರ್ಗೊಳವೆ ಹಾಕುವಾಗ ಸೋಂಕಿನ ಕಣಗಳು ಗಾಳಿಯಲ್ಲಿ ಹರಡುತ್ತವೆ. ಎಚ್ಚರವಿರುವ, ಶಾಂತ ರೋಗಿಗೆ ಲಘು ನಿದ್ರೌಷಧ ಸಾಕು. ಚಡಪಡಿಸುವ, ವಾಂತಿ ಮಾಡುತ್ತಿರುವ, ಆಮ್ಲಜನಕ ಕುಸಿಯುತ್ತಿರುವ ರೋಗಿಗೆ ಲ್ಯಾಬಿಗೆ ಬರುವ ಮೊದಲೇ, ಸಾಧ್ಯವಿದ್ದರೆ ಋಣ ಒತ್ತಡದ (ಒಳಗಿನ ಗಾಳಿ ಪಕ್ಕದ ಕೋಣೆಗಳಿಗೆ ಸೋರದ) ಕೋಣೆಯಲ್ಲಿ, ಅನುಭವಿ ಕೈಗಳಿಂದ ಕೊಳವೆ ಹಾಕಿಸಿ. ಚಿಕಿತ್ಸೆ ಅರ್ಧ ನಡೆದಿರುವಾಗ ಗಡಿಬಿಡಿಯಲ್ಲಿ ಹಾಕಬೇಕಾಗಿ ಬರುವುದು ರೋಗಿಗೂ ತಂಡಕ್ಕೂ ಅತ್ಯಂತ ಕೆಟ್ಟ ಸಂದರ್ಭ. ಬೇಡದ ಉಪಕರಣಗಳನ್ನು ಲ್ಯಾಬಿನಿಂದ ಮುಂಚೆಯೇ ಹೊರಗಿಡಿ.

ಸೋಂಕಿನ ವಾರ್ಡಿನೊಳಗೇ ಬಡಿದರೆ

ಅತಿ ಹೆಚ್ಚು ಕಣ್ತಪ್ಪುವುದು ಇಲ್ಲಿ. ವೆಂಟಿಲೇಟರಿನಲ್ಲಿ ನಿದ್ರೌಷಧದಡಿ ಇರುವ ರೋಗಿ ಕೈ ಸೋತಿದೆ ಎಂದು ಹೇಳಲಾರ. ಪಾಳಿಗೊಮ್ಮೆ ಕಣ್ಣಿನ ಪಾಪೆಗಳ ಗಾತ್ರ ನೋಡುವುದು, ಔಷಧ ಇಳಿಸಿದಾಗ ಎರಡೂ ಪಕ್ಕಗಳು ಅಲುಗುತ್ತವೆಯೇ ಎಂದು ಗಮನಿಸಿ ಬರೆದಿಡುವುದು ಅಗತ್ಯ. ಎಚ್ಚರವಿರುವವರ ವಾರ್ಡಿನಲ್ಲಿ ಮಾತ್ರೆ ಕೊಡುವ ದಾದಿಯೇ ‘ಎರಡೂ ಕೈ ಎತ್ತಿ’ ಎಂದು ಕೇಳಿ ಸಮಯ ಬರೆದರೆ, ಕೊನೆಯ ಬಾರಿ ಸರಿಯಾಗಿದ್ದ ಸಮಯ ದಾಖಲೆಯಲ್ಲಿ ಸಿಗುತ್ತದೆ. ಬದಲಾವಣೆ ಕಂಡರೆ ಹೊರಗಿನಿಂದ ಬಂದವರಿಗೆ ಮಾಡುವ ಕೋಡ್ ಸ್ಟ್ರೋಕ್ ಕರೆಯನ್ನೇ ಇಲ್ಲೂ ಮಾಡಬೇಕು.

ಮೊದಲ ದಿನ ಕಳೆದ ಮೇಲೆ

ಕರಗಿಸುವ ಔಷಧ ಕೊಟ್ಟವರಿಗೆ 24 ಗಂಟೆಯ ನಂತರ ಮತ್ತೊಂದು ಸ್ಕ್ಯಾನ್, ರಕ್ತಸ್ರಾವ ಇಲ್ಲವೆಂದರೆ ಆಸ್ಪಿರಿನ್. ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಯ ಮೂಲಕ ಏನೂ ಬೇಡ. ಆ ಪರೀಕ್ಷೆಯಲ್ಲಿ ಕೆಮ್ಮು ಬರುವುದರಿಂದ ಮಾಡುವವರಿಗೆ ಪೂರ್ಣ ರಕ್ಷಣೆ ಬೇಕು. ಜ್ವರ ಮಿದುಳಿನ ಗಾಯವನ್ನು ಹೆಚ್ಚಿಸುವುದರಿಂದ ಪ್ಯಾರಾಸಿಟಮಾಲ್‌ನಿಂದ ಇಳಿಸಬೇಕು.

ಮಹಾಸೋಂಕಿನ ದಿನಗಳಲ್ಲಿ ಹಾಸಿಗೆಗಳ ಕೊರತೆಯಿಂದ ರೋಗಿಯನ್ನು ಬೇಗ ಮನೆಗೆ ಕಳುಹಿಸಬಹುದು. ಹೊರಡುವ ಮುನ್ನ ಮನೆಯವರು ಮೂರು ವಿಷಯ ಕೇಳಿ ಬರೆಸಿಕೊಳ್ಳಬೇಕು: ಪಾರ್ಶ್ವವಾಯುವಿನ ಕಾರಣ ಪತ್ತೆಯಾಯಿತೇ, ಉಳಿದ ಪರೀಕ್ಷೆಗಳು ಯಾವುವು, ವ್ಯಾಯಾಮ ಮತ್ತು ಮಾತಿನ ತರಬೇತಿ ವಿಡಿಯೊ ಮೂಲಕ ಯಾವಾಗಿನಿಂದ. ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಪತ್ತೆಮಾಡುವ ದೀರ್ಘ ಇಸಿಜಿ ಪರೀಕ್ಷೆ ಅವಸರದಲ್ಲಿ ಬಿಟ್ಟುಹೋಗಿರುತ್ತದೆ. ಅದರ ದಿನಾಂಕವನ್ನು ಬಿಡುಗಡೆ ಪತ್ರದಲ್ಲೇ ನಮೂದಿಸಲು ಕೇಳಿ.